ಪುಣೆಯ ವಿಹಾರದ ಕೆರೆಗಳು ಮತ್ತು ಕೋಡಿಯ ವಿಚಾರ

ಪುಣೆಯ ಸಾರಸಬಾಗದ ಗಣಪತಿಗೆ ಊರಿನವರು ‘ತಳ್ಯಾತಲಾ ಗಣಪತಿ’ ಎನ್ನುತ್ತಾರೆ. ಕೆರೆಯೊಳಗಿನ ಗಣಪತಿ ಎಂದು ಅದರ ಅರ್ಥ. ಸಂಜೆಯ ಹೊತ್ತು ಅಲ್ಲಿಗೆ ಹೋದವರಿಗೆ ದೇವಾಲಯ ಕಾಣುತ್ತದೆ. ಹುಲ್ಲುಹಾಸು, ಹೂವಿನ ಪಾತಿ, ಆಡುವ ಮಕ್ಕಳು, ಬೀದಿಯಂಚಿನಲ್ಲಿ ಭೇಳದ ಅಂಗಡಿಗಳು ಕಾಣುತ್ತವೆ. ಕೆರೆಯೆನ್ನಬಹುದಾದಷ್ಟು ನೀರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ಹೆಸರು ಉಳಿದು ಹೆಸರಿಗೆ ಕಾರಣವಾದ ವಸ್ತು ಅಳಿದುಹೋಗಿದೆ. ಸ್ಥಳನಾಮಗಳ ಅಭ್ಯಾಸವುಳ್ಳವರಿಗೆ ಇದು ಹೊಸ ಸಂಗತಿಯಲ್ಲ. ಆದರೆ ಕೆರೆಯೊಂದು ಅಳಿದಾಗ ಅದಕ್ಕೆ ನೀರೂಡುತ್ತಿದ್ದ ಹಳ್ಳವೂ ಅಳಿಯುತ್ತದೆಯೇ ಎಂಬ ಪ್ರಶ್ನೆ ಸ್ಥಳನಾಮದ ಕುತೂಹಲಕ್ಕಿಂತ ದೊಡ್ಡದು. ಈ ಪ್ರಶ್ನೆಯ ಬೆನ್ನು ಹಿಡಿದು ಪುಣೆಯ ವಿಹಾರದ ಕೆರೆಗಳ ಇತಿಹಾಸವನ್ನು ಸ್ವಲ್ಪ ವಿಚಾರಿಸುವುದು ಈ ಲೇಖನದ ಉದ್ದೇಶ.

ಬಾಳಾಜಿ ಬಾಜೀರಾವ್, ಅಂದರೆ ನಾನಾಸಾಹೇಬ ಪೇಶವೆ, ೧೭೪೦ರಿಂದ ೧೭೬೧ರ ವರೆಗೆ ಅಧಿಕಾರದಲ್ಲಿದ್ದನು. ಪುಣೆಯು ಕಸಬೆಯಾಗಿದ್ದುದು ರಾಜಧಾನಿಯ ರೂಪು ತಳೆದುದು ಮುಖ್ಯವಾಗಿ ಅವನ ಕಾಲದಲ್ಲಿ. ಪರ್ವತಿ ಗುಡ್ಡದ ಮೇಲೆ ದೇವದೇವೇಶ್ವರನ ಆಲಯವನ್ನು ಕಟ್ಟಿಸಿದ ತರುವಾಯ ಅವನು ಗುಡ್ಡದ ಬುಡದಲ್ಲಿ ಒಂದು ಕೆರೆಯನ್ನು ಮಾಡಿಸಿದನು. ಕಾತ್ರಜದ ಬೆಟ್ಟಗಳಲ್ಲಿ ಹುಟ್ಟಿ ಉತ್ತರಾಭಿಮುಖವಾಗಿ ಹರಿದು ಬರುವ ಆಂಬಿಲ ಓಢಾ ಎಂಬ ಹಳ್ಳಕ್ಕೆ ಅಡ್ಡಲಾಗಿ ಕಟ್ಟೆಯನ್ನು ಹಾಕಿ, ನಡುವೆ ಒಂದು ಸಣ್ಣ ದ್ವೀಪವನ್ನು ಉಳಿಸಿಕೊಂಡು ಆ ಕೆರೆಯನ್ನು ರಚಿಸಲಾಯಿತು. ಕೆಲಸವು ನಿಧಾನವಾಗಿ ಸಾಗುತ್ತಿರುವುದನ್ನು ಕಂಡ ಪೇಶವೆಯು ಆನೆಯಿಂದಿಳಿದು ತಾನೇ ಕಲ್ಲು ಹೊರತೊಡಗಿದನೆಂದೂ, ಅದನ್ನು ಕಂಡು ನಾಚಿದ ಸರದಾರರೂ ಕೈಹಚ್ಚಿದರೆಂದೂ ಐತಿಹ್ಯವಿದೆ. ದ್ವೀಪದಲ್ಲಿ ತೋಟವಾಯಿತು, ಅದೇ ಸಾರಸಬಾಗ. ೧೭೮೪ರಲ್ಲಿ ಸವಾಯಿ ಮಾಧವರಾವ್ ಪೇಶವೆಯು ಅಲ್ಲಿ ಸಿದ್ಧಿವಿನಾಯಕನನ್ನು ಪ್ರತಿಷ್ಠಾಪಿಸಿದನು. ಪೇಶವೆಯೂ ಅವನ ಮಂತ್ರಿಗಳೂ ದೋಣಿಯಲ್ಲಿ ಕುಳಿತು ರಾಜಕಾರಣದ ಗುಟ್ಟುಗಳನ್ನು ಆಡಿಕೊಳ್ಳುತ್ತಿದ್ದರೆಂದೂ, ಮಾತು ಹೊರಬೀಳದಿರಲೆಂದು ಮರಾಠಿ ತಿಳಿಯದ ಹಬ್ಶಿಗಳನ್ನೇ ಹುಟ್ಟು ಹಾಕಲು ಇಟ್ಟಿದ್ದರೆಂದೂ ಜನ ಹೇಳುತ್ತಾರೆ. ಐತಿಹ್ಯಗಳ ಸತ್ಯಾಸತ್ಯ ಹೇಗೇ ಇರಲಿ, ಈ ಕೆರೆಯು ಬೇಸಾಯಕ್ಕಾಗಿ ಹುಟ್ಟಿದುದಲ್ಲ, ದೇವಸ್ಥಾನದ ಶೋಭೆಗಾಗಿಯೂ ಅರಸುಮಕ್ಕಳ ವಿಹಾರಕ್ಕಾಗಿಯೂ ಹುಟ್ಟಿದುದು ಎಂಬುದನ್ನು ಅವು ಸ್ಪಷ್ಟಪಡಿಸುತ್ತವೆ.

ಇದೇ ಹಳ್ಳದ ಮೇಲುಭಾಗದಲ್ಲಿ, ಕಾತ್ರಜದಲ್ಲಿ, ಅದೇ ಪೇಶವೆಯು ಕೆರೆಗಳನ್ನು ಕಟ್ಟಿಸಿ, ಅಲ್ಲಿಂದ ನೆಲದೊಳಗಿನ ಕಲ್ಲುಗಾಲುವೆಯ ಮೂಲಕ ಶನಿವಾರವಾಡೆಗೂ ಪೇಟೆಗಳ ಹೌದುಗಳಿಗೂ ನೀರು ತರಿಸಿದನು. ಆ ಕಾಲುವೆಯು ಇಂಜಿನಿಯರಿಂಗ್ ಚಾತುರ್ಯಕ್ಕಾಗಿ ಪ್ರಸಿದ್ಧವಾಗಿದೆ. ಅದನ್ನು ಕುರಿತು ಬರೆದವರು ಬಹಳ. ಆದರೆ ಅದರೊಡನೆ ನಡೆದ ಇನ್ನೊಂದು ಕಾರ್ಯವನ್ನು ನೆನೆಯುವವರು ಕಡಿಮೆ. ಆಂಬಿಲ ಓಢಾ ಮೊದಲು ಪೇಟೆಗಳ ನಡುವೆ ಹಾದು ಮುಠಾ ನದಿಯನ್ನು ಸೇರುತ್ತಿದ್ದಿತು. ಪೇಶವೆಯ ಕಾಲದಲ್ಲಿ ಅದನ್ನು ಪರ್ವತಿಯ ಬಳಿ ಪಶ್ಚಿಮಕ್ಕೆ ತಿರುಗಿಸಿ, ಊರಿನ ಹೊರಗಿನಿಂದ ನದಿಗೆ ಸೇರಿಸಿದರು. ಹಳೆಯ ಪಾತ್ರದ ಮೇಲೆ ಊರು ಬೆಳೆಯಿತು. ಹೀಗೆ ಕೆರೆ, ಕಾಲುವೆ, ತಿರುಗಿಸಿದ ಹಳ್ಳ ಈ ಮೂರೂ ಸೇರಿ ಒಂದೇ ವ್ಯವಸ್ಥೆಯಾಗಿದ್ದವು. ಒಂದನ್ನು ತೆಗೆದರೆ ಉಳಿದೆರಡರ ಮೇಲೆ ಭಾರ ಬೀಳುವುದು ಸಹಜ.

ಕಾಲಕ್ರಮದಲ್ಲಿ ಪರ್ವತಿಯ ಕೆರೆಯಲ್ಲಿ ಹೂಳು ತುಂಬಿತು. ಇಪ್ಪತ್ತನೆಯ ಶತಮಾನದಲ್ಲಿ ಅದರ ಅಂಗಳವು ಉದ್ಯಾನವಾಯಿತು. ನೆರೆಯಲ್ಲಿ ೧೯೫೩ರಲ್ಲಿ ನಗರಸಭೆಯು ಪೇಶವೆ ಪಾರ್ಕನ್ನು ತೆರೆಯಿತು. ೧೯೫೬ರಲ್ಲಿ ಅಲ್ಲಿ ‘ಫುಲರಾಣಿ’ ಎಂಬ ಮಕ್ಕಳ ರೈಲು ಓಡತೊಡಗಿತು. ಇಂದಿನ ಸಾರಸಬಾಗವು ೧೯೬೦ರ ದಶಕದಲ್ಲಿ ರೂಪುಗೊಂಡಿತು. ಪೇಶವೆ ಪಾರ್ಕಿನ ಪ್ರಾಣಿಗಳನ್ನು ಮುಂದೆ ಕಾತ್ರಜದಲ್ಲಿ ೧೯೯೯ರಲ್ಲಿ ತೆರೆದ ರಾಜೀವ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸಿದರು. ಹಳ್ಳದ ಕೆಳಗಿನ ವಿಹಾರಸ್ಥಾನದಿಂದ ಹಳ್ಳದ ಮೇಲಿನ ವಿಹಾರಸ್ಥಾನಕ್ಕೆ ಪ್ರಾಣಿಗಳು ಹೋದವು. ಹಳ್ಳ ಮಾತ್ರ ತನ್ನ ದಾರಿಯನ್ನು ಬಿಡಲಿಲ್ಲ.

ಇಲ್ಲಿ ಕೆರೆಯ ಅಂಗರಚನೆಯನ್ನು ಸ್ವಲ್ಪ ನೆನೆಯುವುದು ಅವಶ್ಯ. ಕನ್ನಡದಲ್ಲಿ ಕೆರೆಗೆ ಮೂರು ಅಂಗಗಳು: ಏರಿ, ತೂಬು, ಕೋಡಿ. ಏರಿಯು ನೀರನ್ನು ತಡೆಯುತ್ತದೆ. ತೂಬು ಬೇಕಾದ ನೀರನ್ನು ಗದ್ದೆಗೆ ಬಿಡುತ್ತದೆ. ಕೋಡಿಯು ಬೇಡವಾದ ನೀರನ್ನು ಹೊರಗೆ ಕಳಿಸುತ್ತದೆ. ಮರಾಠಿಯಲ್ಲಿ ಕೋಡಿಗೆ ‘ಸಾಂಡವಾ’ ಎನ್ನುವರು. ನೋಡುವವರ ಕಣ್ಣು ಏರಿಯ ಮೇಲೆ. ಬೇಸಾಯಗಾರನ ಕಣ್ಣು ತೂಬಿನ ಮೇಲೆ. ಕೋಡಿಯನ್ನು ನೋಡುವವರು ಅದು ಹರಿಯುವ ದಿನ ಮಾತ್ರ ನೋಡುತ್ತಾರೆ. ಆದರೆ ಮಣ್ಣಿನ ಏರಿಯ ಆಯುಸ್ಸು ಇರುವುದು ಕೋಡಿಯಲ್ಲಿ. ಕಲ್ಲಿನ ಕಟ್ಟೆಯು ತನ್ನ ಮೇಲೆ ನೀರು ಹರಿದರೂ ಕೆಲಕಾಲ ತಾಳಬಹುದು. ಮಣ್ಣಿನ ಏರಿಯು ತಾಳಲಾರದು. ಮೇಲಿನಿಂದ ಇಳಿಯುವ ನೀರು ಹಿಂಬದಿಯ ಇಳಿಜಾರನ್ನು ಕೊರೆಯುತ್ತದೆ. ಕೊರಕಲು ನೆತ್ತಿಯನ್ನು ಮುಟ್ಟಿದೊಡನೆ ಏರಿಯು ಬಾಯಿಬಿಡುತ್ತದೆ. ಎರಡನೆಯ ಅಪಾಯವು ಒಳಗಿನದು. ನೀರು ಏರಿಯೊಳಗೆ ಜಿನುಗುವುದು ಸಹಜವೇ. ಆದರೆ ಜಿನುಗುವ ನೀರು ತಿಳಿಯಾಗಿರದೆ ಕೆಸರಾಗಿದ್ದರೆ, ಏರಿಯ ಒಡಲಿನ ಮಣ್ಣೇ ಹೊರಗೆ ಹೋಗುತ್ತಿದೆಯೆಂದು ತಿಳಿಯಬೇಕು. ಮೂರನೆಯದು ತೂಬಿನ ಮಗ್ಗುಲು. ಕಲ್ಲುಗಾರೆಯೂ ಮಣ್ಣೂ ಕೂಡುವ ಆ ಸಂದಿನಲ್ಲಿ ಮಣ್ಣನ್ನು ಸರಿಯಾಗಿ ದಮ್ಮಸು ಮಾಡದಿದ್ದರೆ ನೀರು ಅಲ್ಲಿಯೇ ದಾರಿ ಹುಡುಕುತ್ತದೆ.

ಇದೆಲ್ಲ ಹೊಸ ವಿದ್ಯೆಯೇನೂ ಅಲ್ಲ. ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ ಶಾಸನವು ಕ್ರಿ.ಶ. ೧೩೬೯ರದು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದ ಸಂಗತಿಯೊಡನೆ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರಬಹುದಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಕೊನೆಯ ಎರಡು ಪರಸ್ಪರ ವಿರುದ್ಧವಾದವು: ನೀರು ಕಡಿಮೆಯಾಗಿ ನೆಲ ಹೆಚ್ಚಾಗಿರುವುದು ಒಂದು, ನೆಲ ಕಡಿಮೆಯಾಗಿ ನೀರು ಹೆಚ್ಚಾಗಿರುವುದು ಮತ್ತೊಂದು. ಮೊದಲ ನೋಟಕ್ಕೆ ಈ ಕೊನೆಯದು ದೋಷವೆನಿಸುವುದಿಲ್ಲ. ನೀರು ಹೆಚ್ಚಾದರೆ ನಷ್ಟವೇನು ಎನಿಸುತ್ತದೆ. ಆದರೆ ವಿಚಾರಿಸಿದರೆ ಶಾಸನಕಾರನ ವಿವೇಕವು ಹೊಳೆಯುತ್ತದೆ. ನೀರನ್ನು ಬಳಸುವ ನೆಲವಿಲ್ಲದ ಕೆರೆಯು ಸದಾ ತುಂಬಿರುವ ಕೆರೆ. ವಿಹಾರದ ಕೆರೆಯೆಂದರೆ ಈ ದೋಷದ ಪರಾಕಾಷ್ಠೆ: ಅದರ ಕೆಳಗೆ ನೆಲವೇ ಇಲ್ಲ.

ಇದರ ಪರಿಣಾಮಗಳನ್ನು ಒಂದೊಂದಾಗಿ ನೋಡಬಹುದು. ಬೇಸಾಯದ ಕೆರೆಯು ಬೇಸಿಗೆಗೆ ಬತ್ತುತ್ತದೆ. ಆಗ ಏರಿಯ ಒಳಮೈ, ತೂಬಿನ ಬಾಯಿ, ಅಂಗಳದ ಹೂಳು ಎಲ್ಲವೂ ಊರಿನವರ ಕಣ್ಣಿಗೆ ಬೀಳುತ್ತವೆ. ಹೂಳನ್ನು ಗದ್ದೆಗೆ ಗೊಬ್ಬರವಾಗಿ ಹೊರುತ್ತಾರೆ, ಕುಸಿದ ಕಲ್ಲನ್ನು ಮರಳಿ ಇಡುತ್ತಾರೆ. ವಿಹಾರದ ಕೆರೆಯನ್ನು ಬತ್ತಗೊಡುವುದಿಲ್ಲ. ಬತ್ತಿದ ಕೆರೆಯಲ್ಲಿ ದೋಣಿ ಓಡದು. ಆದುದರಿಂದ ಅದರ ಒಳಮೈಯನ್ನು ವರ್ಷಗಟ್ಟಲೆ ಯಾರೂ ಕಾಣುವುದಿಲ್ಲ. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಒಂದೆರಡು ಸಾಲು ಇಟ್ಟಿಗೆಯನ್ನು ಏರಿಸುವ ಆಸೆಯೂ ಇಂತಹ ಕೆರೆಗಳಲ್ಲಿಯೇ ಹೆಚ್ಚು. ಏರಿಸಿದ ಪ್ರತಿಯೊಂದು ಇಟ್ಟಿಗೆಯೂ ನೀರಿಗೂ ಏರಿಯ ನೆತ್ತಿಗೂ ನಡುವಣ ಅಂತರವನ್ನು ಅಷ್ಟೇ ಕಡಿಮೆ ಮಾಡುತ್ತದೆ. ಶೋಭೆಗೆಂದು ಏರಿಯ ಮೇಲೆ ದೊಡ್ಡ ಮರಗಳನ್ನು ನೆಡುತ್ತಾರೆ. ಮರ ಸತ್ತು ಬೇರು ಕೊಳೆತಾಗ ಅದೇ ನೀರಿಗೆ ಕೊಳವೆಯಾಗುತ್ತದೆ. ನಡೆದಾಡುವವರ ಕಾಲ್ದಾರಿಯಿಂದ ನೆತ್ತಿಯು ಅಲ್ಲಲ್ಲಿ ತಗ್ಗಾಗುತ್ತದೆ. ಉಕ್ಕಿದ ನೀರು ಮೊದಲು ಹುಡುಕುವುದು ಆ ತಗ್ಗನ್ನೇ.

ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಕೆಳಗಿನ ನೆಲವನ್ನೋ ಅದರ ಹುಟ್ಟುವಳಿಯ ಒಂದಂಶವನ್ನೋ ಕೆರೆಯ ರಕ್ಷಣೆಗಾಗಿ ಬಿಡುವ ಪದ್ಧತಿ ಅದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಸವಕಳಿ ನಿಧಿ. ಕಟ್ಟಿದ ದಿನವೇ ದುರಸ್ತಿಯ ವೆಚ್ಚಕ್ಕೆ ದಾರಿ ಮಾಡಿಡುವ ಜಾಣ್ಮೆ. ಕೆರೆಯಿಂದ ಉಣ್ಣುವವನೇ ಕೆರೆಯನ್ನು ಕಾಯುವನು ಎಂಬುದು ಅದರ ತತ್ತ್ವ. ವಿಹಾರದ ಕೆರೆಗೆ ಬಿತ್ತುವಟ್ಟವಿಲ್ಲ. ಅದರಿಂದ ಸಂತೋಷಪಡುವವರು ಸಾವಿರ ಮಂದಿ. ಅದರ ಏರಿ ಒಡೆದರೆ ಕೊಚ್ಚಿಹೋಗುವವರು ಬೇರೆಯೇ ಜನ. ಸುಖಪಡುವವನೂ ಅಪಾಯಕ್ಕೊಳಗಾಗುವವನೂ ಒಬ್ಬನೇ ಅಲ್ಲದಿರುವುದು ವಿಹಾರದ ಕೆರೆಯ ಮೂಲಭೂತವಾದ ಕೊರತೆ.

ಕೋಡಿಯ ಮಹತ್ತ್ವವನ್ನು ಪುಣೆಗೆ ಯಂತ್ರರೂಪದಲ್ಲಿ ತೋರಿಸಿಕೊಟ್ಟವರು ಒಬ್ಬ ಕನ್ನಡಿಗರೆಂಬುದು ನಮ್ಮ ವಾಚಕರಿಗೆ ತಿಳಿದೇ ಇದೆ. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿ ೧೮೮೪ರಲ್ಲಿ ಮುಂಬಯಿ ಸರಕಾರದ ಸೇವೆಗೆ ಸೇರಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಖಡಕವಾಸಲಾ ಜಲಾಶಯಕ್ಕಾಗಿ ತಾವಾಗಿಯೇ ತೆರೆದುಕೊಂಡು ತಾವಾಗಿಯೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಯೋಜಿಸಿದರು. ೧೯೦೩ರಲ್ಲಿ ಅವನ್ನು ಅಲ್ಲಿಯ ಕೋಡಿಯ ಮೇಲೆ ಕೂರಿಸಲಾಯಿತು. ಜಲಾಶಯದ ಕಟ್ಟೆಯು ೧೮೭೯ರಲ್ಲಿ ಮುಗಿದುದು, ಕಲ್ಲುಗಾರೆಯದು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿಯಬೇಕು, ಆದರೆ ಪ್ರವಾಹ ಬಂದಾಗ ಆ ನೀರಿಗೆ ದಾರಿ ಕಟ್ಟಬಾರದು. ಈ ಎರಡು ಬೇಡಿಕೆಗಳನ್ನು ಆ ಬಾಗಿಲುಗಳು ಒಟ್ಟಿಗೆ ಪೂರೈಸಿದವು. ಕೋಡಿಯ ಮೇಲೆ ಇಟ್ಟಿಗೆಯೇರಿಸುವವನ ಆಸೆಯೇ ಅವರದೂ ಆಗಿತ್ತು. ಆದರೆ ಉಕ್ಕಿದ ನೀರು ತಾನೇ ಬಾಗಿಲು ತೆರೆಯುವಂತೆ ಮಾಡಿದುದರಲ್ಲಿ ಅವರ ವಿದ್ಯೆಯಿತ್ತು.

ಆ ಖಡಕವಾಸಲಾ ಕಟ್ಟೆಯೇ ೧೯೬೧ರ ಜುಲೈ ೧೨ರಂದು ಒಡೆಯಿತು. ಅದರ ಮೇಲುಭಾಗದಲ್ಲಿ ಆಂಬಿ ನದಿಗೆ ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಅಣೆಕಟ್ಟು ಅಂದು ಬೆಳಗ್ಗೆ ಒಡೆದು, ಆ ನೀರು ಕೆಳಗಿನ ಜಲಾಶಯಕ್ಕೆ ನುಗ್ಗಿದುದೇ ಅದಕ್ಕೆ ಕಾರಣ. ಪಾನಶೇತದ ಕೆಲಸವು ಇನ್ನೂ ಪೂರ್ಣವಾಗಿರಲಿಲ್ಲ; ಆದರೂ ಆ ವರ್ಷದ ಮಳೆನೀರನ್ನು ಹಿಡಿದಿದ್ದರು. ನೀರನ್ನು ಹೊರಬಿಡುವ ಸುರಂಗದ ಮತ್ತು ಅದರ ಬಾಗಿಲಿನ ಕೆಲಸ ಅಪೂರ್ಣವಾಗಿತ್ತು. ನುಗ್ಗಿದ ನೀರಿನ ಹೊಡೆತಕ್ಕೆ ಸುರಂಗವು ಕೆಟ್ಟು, ಅದರ ಮೇಲಣ ಮಣ್ಣು ಕುಸಿಯುತ್ತ ಬಂದಿತು. ಸೈನಿಕರು ರಾತ್ರಿಯೆಲ್ಲ ಮರಳಿನ ಚೀಲಗಳನ್ನು ಒಟ್ಟಿದರು. ಕುಸಿದ ನೆತ್ತಿಯು ನೀರಿನ ಮಟ್ಟಕ್ಕಿಂತ ಕೆಳಗಿಳಿದಾಗ ಏರಿಯ ಮೇಲೆ ನೀರು ಹರಿಯಿತು. ಬಳಿಕ ಆದುದು ಸರ್ವರಿಗೂ ತಿಳಿದಿದೆ. ನದಿಯ ದಡದ ಪೇಟೆಗಳು ಮುಳುಗಿದವು, ಸೇತುವೆಗಳ ಮೇಲೆ ನೀರು ಹರಿಯಿತು, ಹಳೆಯ ವಾಡೆಗಳು ಕುಸಿದವು. ಮತ್ತು ಜಲಾಶಯವೇ ಬರಿದಾದುದರಿಂದ, ಪ್ರವಾಹದಲ್ಲಿ ಮುಳುಗಿದ ಊರಿಗೆ ಕುಡಿಯುವ ನೀರಿಲ್ಲದಾಯಿತು. ಒಂಬತ್ತು ತಿಂಗಳ ತರುವಾಯ, ೧೯೬೨ರ ಏಪ್ರಿಲಿನಲ್ಲಿ, ಶತಾಯುಷಿಗಳಾದ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ತೀರಿಕೊಂಡರು. ತಮ್ಮ ಯೌವನದ ಕಾರ್ಯಕ್ಷೇತ್ರವಾಗಿದ್ದ ಆ ಕಟ್ಟೆ ಒಡೆದುದು ಅವರ ಜೀವಿತಕಾಲದಲ್ಲಿಯೇ.

ಪಾನಶೇತವು ದೊಡ್ಡ ಅಣೆಕಟ್ಟು. ಸಣ್ಣ ಕೆರೆಗಳ ಮಾತಿಗೆ ಅದನ್ನು ಏಕೆ ತರಬೇಕೆಂದು ಕೇಳಬಹುದು. ಕಾರಣವಿದೆ. ತೂಬಿನ ಮಗ್ಗುಲಿನ ಮಣ್ಣು, ನೆತ್ತಿಯ ತಗ್ಗು, ಉಕ್ಕಿದ ನೀರಿಗೆ ಸಿದ್ಧವಿಲ್ಲದ ದಾರಿ ಇವು ಐವತ್ತು ಮೀಟರಿನ ಅಣೆಕಟ್ಟಿಗೂ ಐದು ಮೀಟರಿನ ಏರಿಗೂ ಒಂದೇ. ಸಣ್ಣದು ಅಪಾಯಕರವಲ್ಲವೆಂಬ ನಂಬಿಕೆಗೆ ಉತ್ತರವಾಗಿ ಹತ್ತಿರದ ನಿದರ್ಶನವೊಂದು ಸಾಕು. ರತ್ನಾಗಿರಿ ಜಿಲ್ಲೆಯ ಚಿಪಳೂಣ ತಾಲೂಕಿನ ತಿವರೆಯಲ್ಲಿದ್ದ ಸಣ್ಣ ಮಣ್ಣಿನ ಅಣೆಕಟ್ಟು ೨೦೧೯ರ ಜುಲೈ ೨ರ ರಾತ್ರಿ ಒಡೆದು ಸುಮಾರು ೨೦ ಮಂದಿ ತೀರಿಕೊಂಡರು. ಏರಿಯಿಂದ ನೀರು ಒಸರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು. ಶಾಸನದ ಮೊದಲನೆಯ ದೋಷವೇ ಅದು. ಏರಿ ಒಡೆದುದಕ್ಕೆ ಏಡಿಗಳು ಕಾರಣವೆಂದು ಆಗ ಸಚಿವರೊಬ್ಬರು ಹೇಳಿದುದೂ ಉಂಟು. ಸುಮಾರು ೧೫೨೦ರಲ್ಲಿ ವಿಜಯನಗರಕ್ಕೆ ಬಂದ ಪೋರ್ತುಗೀಸ ಪ್ರವಾಸಿ ಪಾಯೆಸನು, ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯು ಎರಡು ಮೂರು ಸಲ ಒಡೆದುದನ್ನೂ, ಅರಸನು ಕಾರಣ ಕೇಳಿದಾಗ ದೇವರು ಮುನಿದಿರುವನೆಂಬ ಉತ್ತರ ಬಂದು ನರಬಲಿ ನಡೆದುದನ್ನೂ ಬರೆದಿಟ್ಟಿದ್ದಾನೆ. ಐದು ಶತಮಾನಗಳ ಅಂತರದಲ್ಲಿ ದೇವರ ಸ್ಥಾನಕ್ಕೆ ಏಡಿ ಬಂದಿತು. ಏರಿಯನ್ನು ಪರೀಕ್ಷಿಸದೆ ಕಾರಣ ಹೇಳುವ ಚಪಲ ಹೋಗಲಿಲ್ಲ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಕೆರೆ ಅಳಿದರೆ ಹಳ್ಳವೂ ಅಳಿಯುತ್ತದೆಯೇ? ಉತ್ತರವು ೨೦೧೯ರ ಸೆಪ್ಟೆಂಬರ್ ೨೫ರ ರಾತ್ರಿ ಬಂದಿತು. ಕಾತ್ರಜದ ಬೆಟ್ಟಗಳ ಕಡೆ ಸುರಿದ ಭಾರಿ ಮಳೆಗೆ ಆಂಬಿಲ ಓಢಾ ಉಕ್ಕಿ, ಸಹಕಾರನಗರ, ಅರಣ್ಯೇಶ್ವರ, ದಾಂಡೇಕರ ಪೂಲಿನ ಕಡೆಯ ವಸತಿಗಳಿಗೆ ನುಗ್ಗಿತು. ಗೋಡೆಗಳು ಬಿದ್ದವು, ವಾಹನಗಳು ಎಲೆಗಳಂತೆ ತೇಲಿದವು. ಅಂದಿನ ಮಳೆಗೆ ನಗರ ಮತ್ತು ಜಿಲ್ಲೆಯಲ್ಲಿ ೨೦ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಇಲ್ಲಿ ಯಾವ ದೊಡ್ಡ ಅಣೆಕಟ್ಟೂ ಒಡೆದಿರಲಿಲ್ಲ. ಮೇಲಿನ ಕೆರೆ ತುಂಬಿ ಹರಿಯಿತು. ಕೆಳಗೆ ನೀರನ್ನು ತಡೆದು ನಿಲ್ಲಿಸಬಹುದಾಗಿದ್ದ ಪರ್ವತಿಯ ಕೆರೆ ಇಲ್ಲವಾಗಿತ್ತು. ನಡುವೆ ಹಳ್ಳದ ಪಾತ್ರವನ್ನು ಮನೆ, ಗೋಡೆ, ಮೋರಿಗಳು ಇಕ್ಕಟ್ಟಾಗಿಸಿದ್ದವು. ಕೋಡಿಯೆಂದರೆ ಏರಿಯ ತುದಿಯ ಕಲ್ಲುಕಟ್ಟಡ ಮಾತ್ರವಲ್ಲ. ಅಲ್ಲಿಂದ ನದಿಯವರೆಗಿನ ಇಡೀ ದಾರಿಯೂ ಕೋಡಿಯೇ. ಕೆರೆಯ ಬಳಿ ಕೋಡಿಯನ್ನು ತೆರೆದಿಟ್ಟು ಅರ್ಧ ಮೈಲಿಯಾಚೆ ಅದನ್ನು ಕಟ್ಟಿಹಾಕಿದರೆ ತೆರೆದ ಪ್ರಯೋಜನವೇನು? ಆ ದಾರಿಯಲ್ಲಿ ಗುಡಿಸಲು ಹಾಕಿಕೊಂಡ ಬಡವರನ್ನು ದೂರುವುದು ಸುಲಭ. ೨೦೨೧ರ ಜೂನಿನಲ್ಲಿ ಮಳೆಗಾಲದ ನಡುವೆಯೇ ಹಳ್ಳದ ದಡದ ಮನೆಗಳನ್ನು ಕೆಡವಲಾರಂಭಿಸಿದಾಗ ನ್ಯಾಯಾಲಯವು ತಡೆಯಬೇಕಾಯಿತು. ನೀರಿನ ದಾರಿಯನ್ನು ಮರೆತವರು ಅವರು ಮಾತ್ರವಲ್ಲ. ಮರೆವು ಇಡೀ ನಗರದ್ದು. ಅದರ ಬೆಲೆ ತೆರುವವರು ಮಾತ್ರ ದಡದವರು.

ಪಾಷಾಣದ ಕೆರೆಯ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ಗಣೇಶಖಿಂಡದ ಗವರ್ನರರ ಬಂಗಲೆಗೆ, ಅಂದರೆ ಇಂದಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಕ್ಕೆ, ನೀರೊದಗಿಸಲು ಬ್ರಿಟಿಷರ ಕಾಲದಲ್ಲಿ ರಾಮನದಿಯ ಮೇಲೆ ಕಟ್ಟಿದ ಸಣ್ಣ ಕೆರೆ ಅದು. ಗವರ್ನರರು ಹೋದರು, ಕೆರೆಯು ಹಕ್ಕಿ ನೋಡುವವರ, ಸಂಜೆಯ ತಿರುಗಾಟದವರ ತಾಣವಾಯಿತು. ಮೇಲಿನ ಬಡಾವಣೆಗಳ ಕೊಳಚೆಯೂ ಹೂಳೂ ಅದನ್ನು ಸೇರುತ್ತವೆ, ಜಲಕುಂಭಿ ಬೆಳೆಯುತ್ತದೆ. ಹೂಳು ತುಂಬಿದ ಕೆರೆ ನೋಡಲು ತುಂಬಿದಂತೆಯೇ ಕಾಣುತ್ತದೆ. ಆದರೆ ಮಳೆಯ ನೀರಿಗೆ ಅದರಲ್ಲಿ ಎಡೆಯಿರುವುದಿಲ್ಲ, ಬಂದುದೆಲ್ಲ ಒಮ್ಮೆಗೇ ಕೋಡಿಗೆ ಬರುತ್ತದೆ. ಹೂಳು ಹೆಚ್ಚಿದಷ್ಟೂ ಕೋಡಿಯ ಹೊಣೆ ಹೆಚ್ಚುತ್ತದೆ.

೨೦೨೧ರ ಡಿಸೆಂಬರಿನಲ್ಲಿ ಸಂಸತ್ತು ಅಣೆಕಟ್ಟುಗಳ ಸುರಕ್ಷತೆಗಾಗಿ ಅಧಿನಿಯಮವೊಂದನ್ನು ಮಾಡಿತು. ೧೫ ಮೀಟರಿಗಿಂತ ಎತ್ತರದ ಅಣೆಕಟ್ಟುಗಳೂ, ೧೦ರಿಂದ ೧೫ ಮೀಟರಿನವುಗಳಲ್ಲಿ ಉದ್ದ, ಸಂಗ್ರಹ ಮೊದಲಾದ ಕೆಲವು ಲಕ್ಷಣಗಳುಳ್ಳವೂ ಅದರ ವ್ಯಾಪ್ತಿಗೆ ಬರುತ್ತವೆ. ಇದು ಸ್ವಾಗತಾರ್ಹವೇ. ಆದರೆ ೧೦ ಮೀಟರಿಗಿಂತ ಗಿಡ್ಡವಾದ ಏರಿಗಳು ಅದರ ಹೊರಗೆ ಉಳಿದವು. ನಮ್ಮ ನಾಡಿನ ಕೆರೆಗಳಲ್ಲಿ ಹೆಚ್ಚಿನವೂ, ಊರೊಳಗಿನ ವಿಹಾರದ ಕೆರೆಗಳೂ ಇಂತಹವೇ. ಕಾನೂನಿನ ಕಣ್ಣಿಗೆ ಬೀಳದುದನ್ನು ನೆರೆಹೊರೆಯವರ ಕಣ್ಣೇ ಕಾಯಬೇಕು. ಅದಕ್ಕೆ ಇಂಜಿನಿಯರಿಂಗ್ ಪದವಿ ಬೇಕಿಲ್ಲ. ಜಿನುಗುವ ನೀರು ತಿಳಿಯೋ ಕೆಸರೋ, ನೆತ್ತಿ ಎಲ್ಲಿ ತಗ್ಗಿದೆ, ಕೋಡಿಯ ಮೇಲೆ ಹೊಸ ಇಟ್ಟಿಗೆ ಬಂದಿದೆಯೇ, ಕೋಡಿಯ ಕೆಳಗಿನ ಹಾದಿ ನದಿಯವರೆಗೆ ತೆರೆದಿದೆಯೇ: ಈ ನಾಲ್ಕು ಸಂಗತಿಗಳನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆಯ ನಡುವೆ ಒಮ್ಮೆ ನೋಡಿ ಬರೆದಿಟ್ಟರೆ ಅದೇ ಒಂದು ದಾಖಲೆ.

ಪುಣೆಗೆ ಬಂದು ನೆಲೆಸಿದ ನಾವು ಈ ಊರಿನ ಇತಿಹಾಸವನ್ನು ಹೆಚ್ಚಾಗಿ ವಾಡೆಗಳಲ್ಲಿ, ದಫ್ತರಗಳಲ್ಲಿ ಹುಡುಕುತ್ತೇವೆ. ಕನ್ನಡದ ನಂಟು ದೊರೆತಲ್ಲಿ ಹಿಗ್ಗುತ್ತೇವೆ. ಈ ಸಾಲಿಗೆ ಹಳ್ಳಗಳನ್ನೂ ಸೇರಿಸಬೇಕೆಂದು ನನ್ನ ವಿನಂತಿ. ಆಂಬಿಲ ಓಢೆಯ ಹಳೆಯ ಪಾತ್ರ ಯಾವ ಪೇಟೆಗಳ ನಡುವೆ ಹಾಯುತ್ತಿತ್ತು, ತಿರುಗಿಸಿದ ಪಾತ್ರದ ಅಗಲ ಆಗ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು ಹಳೆಯ ನಕ್ಷೆಗಳಿಂದಲೂ ಕಾಲ್ನಡಿಗೆಯಿಂದಲೂ ಗುರುತಿಸುವ ಕೆಲಸವನ್ನು ನಮ್ಮಲ್ಲಿ ನಾಲ್ಕು ಜನ ಕೂಡಿ ಮಾಡಬಹುದು. ಕಾತ್ರಜದಿಂದ ದಾಂಡೇಕರ ಪೂಲಿನವರೆಗೆ ನಡೆಯಲು ಒಂದು ಭಾನುವಾರ ಸಾಕು. ದಾರಿಯಲ್ಲಿ ಪರ್ವತಿಯ ಬುಡ ಸಿಗುತ್ತದೆ. ಕೆರೆಯೊಳಗಿನ ಗಣಪತಿಗೆ ಕೈಮುಗಿದು, ಕೆರೆಯ ಕೋಡಿ ಎಲ್ಲಿತ್ತೆಂದು ಅಲ್ಲಿಯ ಹಿರಿಯರನ್ನು ಕೇಳುವುದರಿಂದ ಆರಂಭಿಸಬಹುದು.